ಹಡಗು ಹತ್ತುವ ಮುಂಚೆ ಉಪ್ಪಿಟ್ಟು

ರೈಲು ಹತ್ತಿ ಕೂತ ಮೇಲೆ ಜನ ಎದುರಿನವರನ್ನು ಕೇಳುವುದು ‘ಎಲ್ಲಿಯವರೆಗೆ?’ ಎಂದು. ನಾನು ಕೇಳುವುದು ‘ನಿಮಗೆ ಗೊರಕೆ ಇದೆಯಾ?’ ಎಂದು. ಇದನ್ನು ಕೇಳಿ ಕೆಲವರು ಮುಖ ತಿರುಗಿಸಿದ್ದಾರೆ, ಒಬ್ಬರು ಟಿಕೆಟ್ ಪರೀಕ್ಷಕರನ್ನು ಹಿಡಿದು ಬೇರೆ ಬರ್ತಿಗೆ ಹೋದದ್ದೂ ಉಂಟು. ಆದರೆ ಹೆಚ್ಚಿನವರು ಮೊದಲು ತಬ್ಬಿಬ್ಬಾಗಿ, ಆಮೇಲೆ ನಕ್ಕು, ‘ನನಗಿಲ್ಲ, ಇವರಿಗಿದೆ’ ಎಂದು ಪಕ್ಕದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ತೋರಿಸುತ್ತಾರೆ. ಅಲ್ಲಿಂದ ಮುಂದೆ ಮಾತಿಗೆ ಬರವಿಲ್ಲ. ಈಚೆಗೆ ಮೈಸೂರಿಗೆ ಹೋಗುವಾಗ ಹಗಲು ರೈಲಿನಲ್ಲೂ ಅಭ್ಯಾಸಬಲದಿಂದ ಕೇಳಿಬಿಟ್ಟೆ. ಕಿಟಕಿಯ ಪಕ್ಕ ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಮಂಡ್ಯ ಬರೋ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ ಬಿಡಿ’ ಎಂದು ಕಣ್ಣು ಮುಚ್ಚಿದರು. ಮದ್ದೂರಿನಲ್ಲೇ ಗೊತ್ತಾಯಿತು.

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ, ನಮ್ಮಮ್ಮನದು. ಅಮ್ಮ ಇದನ್ನು ಒಂದು ಭಾನುವಾರದ ಸಂಜೆ, ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ, ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದ ಮರ್ಯಾದಸ್ಥ ಜನರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದಳು. ಅದು ಹಡಗಿನ ವಿಷಯ. ಹಡಗು ಎಂದರೆ ಈಗಿನವರಿಗೆ ಈಜುಕೊಳ, ನಾಟಕಶಾಲೆ, ಹತ್ತು ಬಗೆಯ ಊಟ ಕಣ್ಣ ಮುಂದೆ ಬರುತ್ತದೆ. ನನ್ನ ತಂಗಿಯ ಮಗಳು ಮೊನ್ನೆ ಅಂಥದ್ದರಲ್ಲಿ ಹೋಗಿಬಂದಳು. ಹತ್ತುವ ಮುಂಚೆಯೇ ಸಹಪ್ರಯಾಣಿಕರೆಲ್ಲ ಫೋನಿನಲ್ಲಿ ಗುಂಪು ಕಟ್ಟಿಕೊಂಡು, ಒಂದು ಹೋಟೆಲಿನಲ್ಲಿ ಸೇರಿ ಪರಿಚಯ ಮಾಡಿಕೊಂಡರಂತೆ. ‘ದೊಡ್ಡಮ್ಮಾ, ಇದೆಲ್ಲ ಹೊಸ ಐಡಿಯಾ’ ಎಂದಳು. ನಾನು ನಕ್ಕೆ. ಆ ಐಡಿಯಾ ಎಪ್ಪತ್ತರ ದಶಕದಲ್ಲೇ ರಾಜಾಜಿನಗರದಲ್ಲಿ ಹುಟ್ಟಿತು, ಹುಟ್ಟಿಸಿದವಳು ನಾನು.

ಆಗ ನಾನು ರೇಡಿಯೋ ಬಿಡಿಭಾಗಗಳನ್ನು ಜೋಡಿಸುವ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಭೂತಗನ್ನಡಿಯ ಕೆಳಗೆ ಕೂದಲಿನಷ್ಟು ಸಣ್ಣ ತಂತಿಗಳನ್ನು ಬೆಸೆಯುವ ಕೆಲಸ. ಹುಡುಗಿಯರ ಕೈಗೆ ಅದು ಚೆನ್ನಾಗಿ ಒಗ್ಗುತ್ತದೆಂದು ಹೆಚ್ಚಾಗಿ ನಮ್ಮನ್ನೇ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ನಮ್ಮ ಬ್ಲಾಕಿನ ತಿರುವಿಗೆ ಬರುತ್ತಿತ್ತು. ನಾನು ಹತ್ತಿದ ಮೇಲೆ ಕಿಟಕಿ ತೆಗೆಯುವುದು, ಮುಚ್ಚುವುದು, ಯಾರು ಯಾರಿಗೆ ಸೀಟು ಬಿಡಬೇಕು ಎಲ್ಲವೂ ನನ್ನ ಇಲಾಖೆ. ರಾಜ್ಯೋತ್ಸವ ಬಂದರೆ ನಾನೇ ಕಾರ್ಯದರ್ಶಿ, ನಿವೃತ್ತಿಯಾದವರಿಗೆ ಹಾರ ತರುವವಳೂ ನಾನೇ. ಹುಟ್ಟಾ ಕಾರ್ಯದರ್ಶಿ ಎಂದು ಸಹೋದ್ಯೋಗಿಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ಈಗಲೂ ಹಾಗೆಯೇ ತೆಗೆದುಕೊಳ್ಳುತ್ತೇನೆ.

ಕೆಲವು ವರ್ಷಕ್ಕೊಮ್ಮೆ ರಜೆ ಹಾಕಿ, ಮನೆಯವರನ್ನು ಕರೆದುಕೊಂಡು ದೇಶ ಸುತ್ತಿಬರಲು ಕಾರ್ಖಾನೆಯೇ ಪ್ರಯಾಣದ ಖರ್ಚು ಕೊಡುವ ಏರ್ಪಾಟಿತ್ತು. ಎಲ್.ಟಿ.ಸಿ. ಎನ್ನುತ್ತಿದ್ದೆವು. ಆ ವರ್ಷ ನನ್ನ ಸರದಿ ಬಂತು. ಎಲ್ಲರೂ ಕಾಶಿಗೋ ಕನ್ಯಾಕುಮಾರಿಗೋ ಹೋಗುತ್ತಿದ್ದ ಕಾಲದಲ್ಲಿ ನಮ್ಮ ವಿಭಾಗದ ಕೆಂಪಣ್ಣ ಒಂದು ಹೊಸ ಸುದ್ದಿ ತಂದ. ಬೊಂಬಾಯಿಯಿಂದ ಗೋವೆಗೆ ಹಡಗಿನಲ್ಲಿ ಹೋಗಬಹುದಂತೆ, ಬೆಳಿಗ್ಗೆ ಹತ್ತಿದರೆ ಮಾರನೆಯ ಬೆಳಿಗ್ಗೆ ಇಳಿಯುವುದಂತೆ, ರಾತ್ರಿಯೆಲ್ಲ ಡೆಕ್ಕಿನ ಮೇಲೆ ನಕ್ಷತ್ರ ನೋಡುತ್ತ ಮಲಗುವುದಂತೆ. ಕೆಂಪಣ್ಣ ಬ್ಯಾಡರಹಳ್ಳಿಯವನು, ಮಾಗಡಿ ರಸ್ತೆಯಾಚೆ ಹೊಲ, ತೆಂಗು, ದನ ಎಲ್ಲ ಇದ್ದ ಮನೆಯ ಹುಡುಗ. ತನ್ನ ತಾಯಿ ಹೊನ್ನಮ್ಮನಿಗೆ ಹಡಗು ತೋರಿಸಬೇಕೆಂದು ಅವನ ಆಸೆ. ನಮ್ಮ ಸ್ಟೋರ್ಸಿನ ಪಾಟೀಲರು, ಹುಬ್ಬಳ್ಳಿ ಕಡೆಯವರು, ವಿಜಯನಗರದಲ್ಲಿ ಮನೆ ಮಾಡಿದ್ದರು. ಅವರೂ ಅವರ ಮನೆಯವರು ಶಾಂತಕ್ಕನೂ ‘ನಾವೂ ಬರ್ತೀವಿ’ ಎಂದರು. ಮೂರು ಮನೆಯವರಾದೆವು. ನಾನು ಆ ಕ್ಷಣವೇ ಹಡಗಿನ ಕಾರ್ಯದರ್ಶಿಯಾದೆ.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

‘ಸಮುದ್ರದ ಮೇಲಾ?’

‘ಹೂಂ.’

‘ಮಲಗೋದೆಲ್ಲಿ?’

‘ಡೆಕ್ಕಿನ ಮೇಲೆ ಜಮಖಾನ ಹಾಸ್ಕೊಂಡು ಸಾಲಾಗಿ ಮಲಗೋದಂತೆ. ಎಲ್ಲರೂ ಹಾಗೇ ಮಲಗ್ತಾರಂತೆ.’

ಅಮ್ಮನ ಕೈ ಮೊರದಲ್ಲೇ ನಿಂತಿತು. ‘ಪಕ್ಕದಲ್ಲಿ ಯಾರು ಮಲಗ್ತಾರೆ?’ ಎಂದಳು.

ಈ ಪ್ರಶ್ನೆ ಸಾಮಾನ್ಯದ್ದೆಂದು ನಿಮಗೆ ಅನ್ನಿಸಿದರೆ, ನೀವು ದಾವಣಗೆರೆಯ ನಮ್ಮ ಅಜ್ಜಿಯ ಮನೆಯಲ್ಲಿ ಬೇಸಗೆ ರಜೆ ಕಳೆದವರಲ್ಲ. ಅಲ್ಲಿ ಪಡಸಾಲೆಯಲ್ಲಿ ಉದ್ದಕ್ಕೆ ಕಂಬಳಿ ಹಾಸಿ ಮೊಮ್ಮಕ್ಕಳನ್ನೆಲ್ಲ ಮಲಗಿಸುವಾಗ ಅಜ್ಜಿ ಒಂದು ರಾಜ್ಯವನ್ನೇ ಆಳುತ್ತಿದ್ದಳು. ಒದೆಯುವವರು ಗೋಡೆಯ ಕಡೆ. ಹಾಸಿಗೆ ಒದ್ದೆ ಮಾಡುವವರು ಬಾಗಿಲ ಕಡೆ. ಗುಸುಗುಸು ಮಾತಾಡುವ ಇಬ್ಬರ ನಡುವೆ ಒಬ್ಬ ಮುಂಗೋಪಿ. ನನ್ನನ್ನು ಯಾವಾಗಲೂ ನನ್ನ ಚಿಕ್ಕಮ್ಮನ ಮಗ ಬಸವರಾಜನ ಪಕ್ಕ ಹಾಕುತ್ತಿದ್ದಳು, ಅವನು ಮಲಗಿದರೆ ಮರದ ದಿಮ್ಮಿ, ನನ್ನ ಅಧಿಕಾರ ಅವನ ಮೇಲೆ ನಡೆಯುತ್ತಿರಲಿಲ್ಲ. ಗೋಡೆಯ ಪಕ್ಕದ ಜಾಗಕ್ಕಾಗಿ ನಾವು ಹೊಡೆದಾಡಿದಷ್ಟು ಮುಂದೆ ಯಾವ ಆಸ್ತಿಗೂ ಹೊಡೆದಾಡಲಿಲ್ಲ. ಅಂಥ ಮನೆಯ ಮಗಳು ನಮ್ಮಮ್ಮ. ಯಾರ ಪಕ್ಕ ಯಾರು ಮಲಗುತ್ತಾರೆ ಎನ್ನುವುದು ಅವಳಿಗೆ ಯಾರ ಮನೆಗೆ ಹೆಣ್ಣು ಕೊಡುತ್ತೇವೆ ಎನ್ನುವಷ್ಟೇ ಮುಖ್ಯ.

ಆದರೆ ಅಮ್ಮನ ಪ್ರಶ್ನೆಗೆ ಬೇರೆ ಕಾರಣವಿತ್ತು. ಆ ಕಾರಣ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಪ್ಪ ಹೋಗಿ ಆಗ ಮೂರು ವರ್ಷವಾಗಿತ್ತು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಆಫೀಸಿಗೆ ಹೋದವರು ಮನೆಗೆ ಬರಲಿಲ್ಲ. ಕೆಲಸದ ಮೇಜಿನಲ್ಲೇ ಎದೆ ನಿಂತುಹೋಗಿತ್ತು. ಸಂಜೆ ಅವರ ಜೊತೆಯ ಇಬ್ಬರು ಬಂದು ಬಾಗಿಲು ತಟ್ಟಿದರು. ತೆಗೆದವಳು ನಾನು. ಅಂದಿನಿಂದ ಅಮ್ಮ ಎಷ್ಟೋ ಸಲ ನಿದ್ದೆಯಲ್ಲಿ ಕೂಗಿಕೊಳ್ಳುತ್ತಿದ್ದಳು. ‘ಬಾಗಿಲು ತೆಗೀಬೇಡ ಕಣೇ ವಿಮಲಾ, ತೆಗೀಬೇಡ’ ಎಂದು. ನಾನು ಎದ್ದು ಅವಳ ಕೈ ಹಿಡಿದು, ‘ಯಾರೂ ಬಂದಿಲ್ಲಮ್ಮ, ಮಲ್ಕೋ’ ಎನ್ನುತ್ತಿದ್ದೆ. ಬೆಳಿಗ್ಗೆ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ತಂಗಿ ಮದುವೆಯಾಗಿ ತುಮಕೂರಿನಲ್ಲಿದ್ದಳು, ಅವಳ ಮನೆಯಲ್ಲೂ ಅಮ್ಮ ರಾತ್ರಿ ಉಳಿಯಲಿಲ್ಲ. ಸೋದರಮಾವನ ಮಗಳ ಮದುವೆಗೆ ದಾವಣಗೆರೆಗೆ ಹೋದವಳು ಧಾರೆ ಮುಗಿದ ತಕ್ಷಣ ಬಸ್ಸು ಹಿಡಿದು ವಾಪಸಾದಳು. ಅವಳ ಅಣ್ಣನಿಗೆ ಬೇಜಾರಾಯಿತು, ಆಡಿಯೂ ಆಡಿದ. ಐವತ್ತು ತುಂಬದ ಹೆಂಗಸು, ಒಂದೇ ಹಗಲಿನಲ್ಲಿ ಹೋಗಿಬರುವಷ್ಟು ದೂರಕ್ಕೆ ತನ್ನ ಲೋಕವನ್ನು ಕುಗ್ಗಿಸಿಕೊಂಡು ಕೂತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಈ ಸಲ ಬಿಟ್ಟರೆ ಇನ್ನು ಅವಳು ಮನೆಯ ಹೊಸ್ತಿಲು ದಾಟುವುದಿಲ್ಲ ಎನ್ನಿಸಿತ್ತು.

‘ಪಕ್ಕದಲ್ಲಿ ಒಳ್ಳೆಯವರೇ ಮಲಗ್ತಾರೆ ಬಿಡು. ನಮ್ಮ ಫ್ಯಾಕ್ಟರಿಯವರು’ ಎಂದೆ.

‘ಅವರನ್ನ ನಾನು ನೋಡಬೇಕು.’

‘ಹಡಗಲ್ಲಿ ನೋಡ್ತೀಯಲ್ಲ?’

‘ಹಡಗು ಹತ್ತಿದ ಮೇಲೆ ನೋಡಿ ಏನು ಮಾಡ್ಲಿ, ಈಜ್ಕೊಂಡು ವಾಪಸ್ ಬರ್ಲಾ? ಮೊದ್ಲು ನೋಡ್ತೀನಿ. ಆಮೇಲೆ ಹೇಳ್ತೀನಿ.’

ಸರಿ, ತೋರಿಸೋಣ ಎಂದುಕೊಂಡೆ. ಮಾರನೆಯ ದಿನ ಕ್ಯಾಂಟೀನಿನಲ್ಲಿ ಪ್ರಕಟಿಸಿದೆ: ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಹಡಗಿನ ಸಹಪ್ರಯಾಣಿಕರ ಸಭೆ, ಎಲ್ಲರೂ ಕುಟುಂಬ ಸಮೇತ ಬರತಕ್ಕದ್ದು.

ಪಾಟೀಲರು ಚಹದ ಲೋಟ ಕೆಳಗಿಟ್ಟರು. ‘ಸಭಾ ಯಾಕ್ರಿ ವಿಮಲಾಬಾಯಾರ? ಹಡಗಿನ್ಯಾಗ ಹೆಂಗೂ ಭೆಟ್ಟಿ ಆಗ್ತೀವಲ್ರಿ.’

‘ಸಾರ್, ಸಮುದ್ರದ ಮೇಲೆ ಹೋಗ್ತಾ ಇದೀವಿ. ಶಿಸ್ತು ಬೇಡ್ವಾ?’ ಎಂದೆ. ಅಮ್ಮ ನಿಮ್ಮನ್ನು ಪರೀಕ್ಷೆ ಮಾಡಲಿದ್ದಾಳೆ ಎಂದು ಹೇಳಲಾಗುತ್ತದೆಯೇ? ಶಿಸ್ತು ಎಂದ ಮೇಲೆ ಅವರು ಒಪ್ಪಿದರು. ಸಮುದ್ರವನ್ನು ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಈಗ ತಿಂಡಿಯ ವಿಚಾರ. ನಾನು ಬೋಂಡ ಮಾಡೋಣವೆಂದೆ. ಅಮ್ಮ ಕೇಳಲಿಲ್ಲ. ಮೊದಲ ಸಲ ಮನೆಗೆ ಬರುವವರಿಗೆ ಉಪ್ಪಿಟ್ಟು, ಕೇಸರಿಬಾತು, ಜೊತೆಗೆ ಬಾಳೆಹಣ್ಣು. ಇದು ನಮ್ಮಲ್ಲಿ ಬದಲಾಗದ ಶಾಸನ. ಅದರಲ್ಲಿ ಏನು ತಪ್ಪು ಎಂದು ಕೇಳುತ್ತೀರಿ. ಏನೂ ಇಲ್ಲ. ಆದರೆ ನಮ್ಮ ರಸ್ತೆಯಲ್ಲಿ ಸಂಜೆ ಹೊತ್ತು ರವೆ ಹುರಿದು ತುಪ್ಪ, ಏಲಕ್ಕಿ, ಲವಂಗದ ಪರಿಮಳ ಎದ್ದಿತೆಂದರೆ ಅದಕ್ಕೆ ಒಂದೇ ಅರ್ಥ: ಆ ಮನೆಯ ಹೆಣ್ಣನ್ನು ನೋಡಲು ಬರುತ್ತಿದ್ದಾರೆ. ಆ ವಾಸನೆ ನಮ್ಮ ಮನೆಯಿಂದ ಅಲ್ಲಿಯವರೆಗೆ ಸಾಕಷ್ಟು ಸಲ ಎದ್ದಿತ್ತು. ಪ್ರತಿಸಲವೂ ನಾನೇ ಪ್ರಶ್ನೆ ಕೇಳಿ ಗಂಡಿನ ಕಡೆಯವರನ್ನು ಕಳಿಸಿಬಿಡುತ್ತೇನೆಂದು ರಸ್ತೆಯಲ್ಲಿ ನನಗೊಂದು ಹೆಸರೂ ಇತ್ತು. ಒಬ್ಬ ಗಂಡಿನ ತಂದೆಗೆ ಅವರ ಮಗನ ಸಹಿ ಓದಲಾಗುತ್ತದೆಯೇ ಎಂದು ಕೇಳಿದ್ದು ಬಹಳ ದಿನ ಸುದ್ದಿಯಲ್ಲಿತ್ತು.

ಭಾನುವಾರ ಬಂತು. ಮೊದಲು ಬಂದವರು ಪಾಟೀಲ ದಂಪತಿ. ಪಾಟೀಲರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಕರಿ ಕೋಟು; ಶಾಂತಕ್ಕ ಇಳಕಲ್ ಸೀರೆ. ಹಿಂದೆಯೇ ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ನಡೆದುಕೊಂಡು ಕೆಂಪಣ್ಣ ತನ್ನ ತಾಯಿಯೊಂದಿಗೆ ಬಂದ. ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ್ದ. ಹೊನ್ನಮ್ಮ ಒಂದು ಬುಟ್ಟಿಯಲ್ಲಿ ತಮ್ಮ ತೋಟದ ತೆಂಗಿನಕಾಯಿ, ಬಾಳೆಗೊನೆಯ ಒಂದು ಚಿಪ್ಪು, ಸೊಗಡು ಅವರೆಕಾಯಿ ತಂದಿದ್ದರು. ಹೀಗೆ ಹಿರಿಯ ದಂಪತಿ, ಬೆವರುತ್ತಿರುವ ಮದುವೆಯಾಗದ ಹುಡುಗ, ಹಣ್ಣುಕಾಯಿ ಹೊತ್ತ ಅವನ ತಾಯಿ ಒಬ್ಬರ ಹಿಂದೆ ಒಬ್ಬರು ನಮ್ಮ ಗೇಟು ದಾಟಿದ್ದನ್ನು ಎದುರುಮನೆಯ ಪದ್ಮಾವತಮ್ಮ ತಮ್ಮ ಜಗುಲಿಯಿಂದ ಆದ್ಯಂತ ನೋಡಿದರು.

ಉಪ್ಪಿಟ್ಟು ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ, ಪದ್ಮಾವತಮ್ಮ ಬಟ್ಟಲು ಹಿಡಿದು ಬಂದೇಬಿಟ್ಟರು. ‘ಹೆಪ್ಪಿಗೆ ಒಂಚೂರು ಮೊಸರಿತ್ತಾ? ಅಯ್ಯೋ, ಜನ ಬಂದಿದಾರಾ? ನೀವು ನಡೆಸಿ ನಡೆಸಿ, ನಾನು ಇಲ್ಲೇ ಅಡುಗೆಮನೆ ಬಾಗಿಲಲ್ಲಿ ಕೂತಿರ್ತೀನಿ.’ ಕೂತರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹತ್ತಿ ಸೀರೆ ಉಟ್ಕೊಂಡಿದೀಯಲ್ಲೇ’ ಎಂದು ಪಿಸುಗುಟ್ಟಿದರು. ನನಗೆ ಆಗಲೂ ಹೊಳೆಯಲಿಲ್ಲ. ನನ್ನ ತಲೆಯ ತುಂಬ ಹಡಗಿತ್ತು.

ನಾನು ಎದ್ದು ನಿಂತು ಸ್ವಾಗತ ಭಾಷಣ ಮಾಡಿದೆ. ಹೌದು, ಹಾಲಿನಲ್ಲಿ, ಅಷ್ಟು ಜನಕ್ಕೆ. ವಾಂತಿ ಬಂದರೆ ನಿಂಬೆಹಣ್ಣು, ತಿನ್ನಲು ಅವಲಕ್ಕಿ, ಕುಡಿಯಲು ಮನೆಯ ನೀರು ಎಂದು ಇನ್ನೂ ಮುಂದುವರಿಸುತ್ತಿದ್ದೆ. ಅಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತು ನನ್ನ ಮಾತನ್ನು ಅಲ್ಲಿಗೇ ಕತ್ತರಿಸಿದಳು.

‘ಪಾಟೀಲರೇ, ತಪ್ಪು ತಿಳೀಬೇಡಿ. ನಿಮಗೆ ಗೊರಕೆ ಇದೆಯಾ?’

ಪಾಟೀಲರು ಉಪ್ಪಿಟ್ಟು ನುಂಗಿದರು. ದೊಡ್ಡ ಮನುಷ್ಯ, ಸುಳ್ಳು ಹೇಳುವವರಲ್ಲ.

‘ಅದರಿ ಅಮ್ಮಾರ. ಸಣ್ಣದಲ್ಲ. ನಮ್ಮ ಓಣ್ಯಾಗ ನಾಯಿ ರಾತ್ರಿ ಬೊಗಳೂದು ಬಿಟ್ಟಾವ್ರಿ.’

‘ನಾ ಕಿವ್ಯಾಗ ಹತ್ತಿ ಇಟ್ಕೊಂಡ ಮಲಗ್ತೀನ್ರೀ’ ಎಂದರು ಶಾಂತಕ್ಕ. ‘ಮದುವ್ಯಾದ ಮರುದಿವಸದಿಂದ. ನಿಮಗೂ ತರ್ತೀನಿ ಬಿಡ್ರಿ.’

ಅಮ್ಮ ತಲೆಯಾಡಿಸಿ ಕೆಂಪಣ್ಣನ ಕಡೆ ತಿರುಗಿದಳು. ‘ನಿನಗೇನಪ್ಪ?’

ಕೆಂಪಣ್ಣ ನೆಲ ನೋಡಿದ. ಅವನ ತಾಯಿಯೇ ಉತ್ತರಿಸಿದರು. ‘ಇವನು ನಿದ್ದೇಲಿ ಹಲ್ಲು ಕಡೀತಾನೆ ಕಣವ್ವ. ಕರುಂ ಕರುಂ ಅಂತ. ಸಣ್ಣೋನಾಗಿದ್ದಾಗಿಂದಾನೂ ಐತೆ. ಒಂದೊಂದು ದಿನ ಎದ್ದು ಕೂತ್ಕಂಡು ಬಸ್ಸಿನ ಕಂಡಕ್ಟ್ರ ಜೊತೆ ಜಗಳಾನೂ ಆಡ್ತಾನೆ.’

‘ಅವ್ವಾ!’ ಎಂದ ಕೆಂಪಣ್ಣ.

ಅಡುಗೆಮನೆ ಬಾಗಿಲಲ್ಲಿ ಪದ್ಮಾವತಮ್ಮ ನನ್ನ ಸೆರಗು ಹಿಡಿದು ಜಗ್ಗಿದರು. ಅವರ ಕಣ್ಣು ನೀರಾಡುತ್ತಿತ್ತು. ‘ಎಂಥ ಸತ್ಯವಂತರೇ ಇವರು! ಗಂಡಿನ ಕಡೆಯೋರು ಹಿಂಗೆ ಬಾಯಿಬಿಟ್ಟು ಹೇಳೋದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಬಿಡಬೇಡ ಈ ಸಂಬಂಧಾನ’ ಎಂದರು. ಆಗ ನನಗೆ ತಟ್ಟನೆ ಹೊಳೆಯಿತು. ಕೇಸರಿಬಾತು, ಕೋಟು, ತೆಂಗಿನಕಾಯಿ, ಅಮ್ಮನ ಪ್ರಶ್ನೆ, ಎಲ್ಲವೂ ಅವರ ಕಣ್ಣಿಗೆ ಹೇಗೆ ಕಂಡಿರಬೇಕೆಂದು ನೆನೆದು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ನಾಚಿಕೊಂಡಳೆಂದು ಅವರು ಅದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

ಹಾಲಿನಲ್ಲಿ ಹೊನ್ನಮ್ಮ ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂತರು. ‘ನಾನು ಮಲಗೋದೇ ಕಮ್ಮಿ ಕಣಮ್ಮ. ದನಕ್ಕೆ ಹುಲ್ಲು ಹಾಕಾಕೆ ಏಳ್ತಾನೇ ಇರ್ತೀನಿ. ಹಡಗಲ್ಲಿ ದನ ಇರಲ್ಲ, ಎದ್ದು ಏನು ಮಾಡೋದೋ ಗೊತ್ತಿಲ್ಲ. ಅದಿರ್ಲಿ, ಎಲ್ರುನ್ನೂ ಕೇಳ್ತಾ ಇದೀಯಲ್ಲ, ನಿನ್ನ ಕತೆ ಏನು, ಅದನ್ನೂ ಹೇಳಿಬಿಡು.’

ಅಮ್ಮನ ಮುಖ ಬಿಳಿಚಿತು. ಇದೊಂದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಸಭೆಯ ಎಲ್ಲವನ್ನೂ ಏರ್ಪಾಟು ಮಾಡಿದವಳು ಅಮ್ಮನನ್ನೂ ಯಾರಾದರೂ ತಿರುಗಿ ಕೇಳಬಹುದೆಂದು ಯೋಚಿಸಿರಲೇ ಇಲ್ಲ. ‘ಅಮ್ಮನಿಗೆ ಏನೂ ಇಲ್ಲ, ಮುಂದಿನ ವಿಷಯ ಉಪ್ಪಿನಕಾಯಿ’ ಎಂದು ಎದ್ದೆ. ಅಮ್ಮ ಕೈಯೆತ್ತಿ ನನ್ನನ್ನು ತಡೆದಳು.

‘ನಾನು ಕೂಗ್ತೀನಿ’ ಎಂದಳು. ‘ಇವಳಪ್ಪ ಹೋದ ದಿನ ಬಾಗಿಲು ತಟ್ಟಿದ್ರು. ಅದು ಮತ್ತೆ ಮತ್ತೆ ಕನಸಲ್ಲಿ ಬರುತ್ತೆ. ಬಾಗಿಲು ತೆಗೀಬೇಡ ಅಂತ ಕೂಗ್ತೀನಿ. ಜೋರಾಗಿ. ಪಕ್ಕದಲ್ಲಿರೋರಿಗೆ ಭಯ ಆಗಬಹುದು. ಅದಕ್ಕೇ ನಾನು ಎಲ್ಲೂ ಹೋಗಲ್ಲ. ನಿಮಗೆ ಮೊದಲೇ ಹೇಳಿಬಿಡಬೇಕು ಅನ್ನಿಸ್ತು.’

ಮೂರು ವರ್ಷ ನನ್ನೊಡನೆಯೂ ಆಡದ ಮಾತನ್ನು ಅಮ್ಮ ಉಪ್ಪಿಟ್ಟಿನ ತಟ್ಟೆಗಳ ನಡುವೆ, ಅಪರಿಚಿತರೆದುರು ಆಡಿಬಿಟ್ಟಿದ್ದಳು. ಶಾಂತಕ್ಕ ಕಣ್ಣೊರೆಸಿಕೊಂಡರು. ಪಾಟೀಲರು ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡಿದರು. ಪದ್ಮಾವತಮ್ಮನಂಥ ಪದ್ಮಾವತಮ್ಮನೂ ಬಟ್ಟಲನ್ನು ಕೆಳಗಿಟ್ಟರು. ಎಲ್ಲ ಮುಗಿಯಿತು, ಇನ್ನು ಅಮ್ಮ ಬರುವುದಿಲ್ಲ ಎಂದುಕೊಂಡೆ.

ಹೊನ್ನಮ್ಮ ಮಾತ್ರ ಹಣೆ ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ಮಗನನ್ನು ಕೇಳಿದರು. ‘ಲೋ ಕೆಂಪ, ನಾವು ಮಲಗೋ ಜಾಗದಾಗೆ ಬಾಗಿಲೈತೇನ್ಲಾ?’

‘ಇಲ್ಲ ಕಣವ್ವ. ಡೆಕ್ಕು ಅಂದ್ರೆ ಬಯಲು. ಸುತ್ತ ಕಂಬಿ ಇರುತ್ತೆ ಅಷ್ಟೇ.’

‘ಮತ್ತಿನ್ನೇನು!’ ಎಂದು ಹೊನ್ನಮ್ಮ ಅಮ್ಮನ ಮಂಡಿಯ ಮೇಲೆ ಕೈಯಿಟ್ಟರು. ‘ಬಾಗಿಲೇ ಇಲ್ದಿದ್ಮೇಲೆ ಬಂದೋನು ಏನ ತಟ್ತಾನೆ? ಅಷ್ಟಕ್ಕೂ ಕೂಗಿದ್ರೆ ಕೂಗು. ಇವರ ಗೊರಕೆ, ಇವನ ಹಲ್ಲು, ಅದ್ರ ಜೊತೆಗೆ ನಿಂದೂ ಒಂದು. ನಾನು ನಿನ್ನ ಪಕ್ಕದಾಗೇ ಮಲಗ್ತೀನಿ.’

ಅಮ್ಮ ಹೊನ್ನಮ್ಮನನ್ನೇ ನೋಡಿದಳು. ಮೊದಲು ತುಟಿ ನಡುಗಿತು, ಅತ್ತುಬಿಡುತ್ತಾಳೆ ಎಂದುಕೊಂಡೆ. ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ದನಿಯೆತ್ತಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ‘ವಿಮಲಾ, ಇವರಿಗೆ ಇನ್ನೊಂದು ಸ್ವಲ್ಪ ಕೇಸರಿಬಾತು ಹಾಕು’ ಎಂದಳು. ಅದೇ ಒಪ್ಪಿಗೆ. ನಮ್ಮ ಮನೆಯಲ್ಲಿ ಒಪ್ಪಿಗೆ ಬೇರೆ ರೀತಿಯಲ್ಲಿ ಹೇಳುವುದಿಲ್ಲ.

ಎಲ್ಲರೂ ಹೊರಟ ಮೇಲೆ ಪದ್ಮಾವತಮ್ಮ ಮೊಸರಿನ ಬಟ್ಟಲು ಹಿಡಿದು ಗೇಟಿನಲ್ಲಿ ನಿಂತರು.

‘ಯಾವಾಗ ಇಟ್ಕೊಂಡಿದೀರಿ?’

‘ಜನವರಿ ಕೊನೇಲಿ’ ಎಂದಳು ಅಮ್ಮ, ಪ್ರಯಾಣವೆಂದು ತಿಳಿದು.

‘ಎಲ್ಲಿ?’

‘ಹಡಗಲ್ಲಿ.’

ಒಳಗೆ ಕೇಳಿದ್ದ ಹಡಗಿನ ಮಾತೆಲ್ಲ ಈಗ ಅವರಿಗೆ ಮದುವೆಯ ಮಾತೇ ಆಗಿಬಿಟ್ಟಿತು, ಬಟ್ಟಲು ಬೀಳದೆ ಉಳಿದದ್ದು ಅವರ ಪುಣ್ಯ. ಹಡಗಿನಲ್ಲಿ ಮದುವೆ ಎಂಬ ಸುದ್ದಿ ಮಾರನೆಯ ದಿನ ನಲ್ಲಿಯ ಸಾಲಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಹೋಗಿ, ಅದನ್ನು ಹಿಂದಕ್ಕೆ ಕರೆತರಲು ನನಗೆ ವಾರ ಬೇಕಾಯಿತು. ಆದರೂ ಒಂದು ಲಾಭವಾಯಿತು. ನಮ್ಮ ರಸ್ತೆಯ ಹೆಣ್ಣು ಹೆತ್ತ ತಾಯಂದಿರು ಗಂಡಿಗೆ ಗೊರಕೆ ಇದೆಯೇ ಎಂದು ಕೇಳುವ ಪದ್ಧತಿಯನ್ನು ಎತ್ತಿಕೊಂಡರು. ಕೇಳಬೇಕಾದ ಪ್ರಶ್ನೆಯೇ ಅದು ಎಂದು ನಾನು ಈಗಲೂ ವಾದಿಸುತ್ತೇನೆ. ಅಂದಹಾಗೆ ಓದುಗರಲ್ಲಿ ಕೆಲವರು ಆಗಲೇ ಅಕ್ಷತೆ ಹಿಡಿದು ಕೂತಿರಬಹುದು. ಕೆಳಗಿಡಿ. ನಾನು ಕೆಂಪಣ್ಣನನ್ನು ಮದುವೆಯಾಗಲಿಲ್ಲ. ಅವನು ಮುಂದಿನ ವರ್ಷ ತಾವರೆಕೆರೆ ಕಡೆಯ ಹುಡುಗಿಯನ್ನು ಮದುವೆಯಾದ. ಅವಳಿಗೂ ಹಲ್ಲು ಕಡಿಯುವ ಅಭ್ಯಾಸವಿತ್ತಂತೆ, ಸುಖವಾಗಿದ್ದಾರೆ.

ಹೊರಟೆವು. ರೈಲು ಬದಲಾಯಿಸಿ ಬೊಂಬಾಯಿ ಸೇರಿದ್ದು, ಹೋಲ್ಡಾಲಿನ ಬೆಲ್ಟು ಕಿತ್ತು ಪ್ಲಾಟ್‌ಫಾರ್ಮಿನಲ್ಲಿ ಪಾಟೀಲರ ದಿಂಬು ಉರುಳಿದ್ದು ಎಲ್ಲ ಬೇರೆ ಕತೆ. ಹಡಗುಕಟ್ಟೆಯಲ್ಲಿ ಬಾಗಿಲು ತೆರೆದದ್ದೇ ತಡ, ಜನ ಡೆಕ್ಕಿಗೆ ಓಡಿದರು. ಮೊದಲು ಹಾಸಿದವರದೇ ಜಾಗ. ನಮ್ಮ ಕಡೆಯಿಂದ ಕೆಂಪಣ್ಣ ಓಡಿದ, ಮಾಗಡಿ ರಸ್ತೆಯ ಬಸ್ಸಿನಲ್ಲಿ ಟವೆಲು ಹಾಸಿ ಸೀಟು ಹಿಡಿದ ಅನುಭವ ಅಲ್ಲಿ ಕೈಹಿಡಿಯಿತು. ನಾವು ಹೋಗುವಷ್ಟರಲ್ಲಿ ಕಂಬಿಯ ಪಕ್ಕ ಉದ್ದಕ್ಕೆ ಜಮಖಾನ ಹಾಸಿ ಅದರ ಮೇಲೆ ಕಾಲು ಚಾಚಿ ಮಲಗಿದ್ದ. ನಾನು ಅಜ್ಜಿಯ ಗತ್ತಿನಲ್ಲಿ ಜಾಗ ಹಂಚಿದೆ. ಪಾಟೀಲರು ಆ ತುದಿ, ಅವರ ಪಕ್ಕ ಹಲ್ಲು ಕಡಿಯುವ ಕೆಂಪಣ್ಣ, ಆಮೇಲೆ ಸಾಮಾನಿನ ಗೋಡೆ, ಗೋಡೆಯ ಈಚೆ ಹತ್ತಿಯ ಸಮೇತ ಶಾಂತಕ್ಕ, ನಂತರ ಹೊನ್ನಮ್ಮ, ಅಮ್ಮ, ಕೊನೆಗೆ ನಾನು.

ಹಗಲೆಲ್ಲ ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿಯೇ ಕೂತಿದ್ದಳು. ‘ನೋಡಮ್ಮ’ ಎಂದರೆ, ‘ನೋಡಿದೆ, ನೀರು’ ಎನ್ನುತ್ತಿದ್ದಳು. ಸಣ್ಣ ಊರುಗಳ ಎದುರು ಹಡಗು ನಿಂತಾಗ ದೋಣಿಗಳು ಬಂದು ಬುಟ್ಟಿ, ಮಕ್ಕಳು, ಕೋಳಿಗಳನ್ನು ಹತ್ತಿಸಿ ಇಳಿಸುತ್ತಿದ್ದವು. ಹೊನ್ನಮ್ಮ ಪ್ರತಿ ದೋಣಿಗೂ ಎದ್ದು ನಿಂತು, ಹೇಗೆ ಹತ್ತಬೇಕೆಂದು ಕನ್ನಡದಲ್ಲಿ ಸಲಹೆ ಕೊಟ್ಟರು. ಕತ್ತಲಾಯಿತು. ರಾತ್ರಿಯಿಡೀ ಎಚ್ಚರವಾಗಿದ್ದು ಅಮ್ಮ ಕೂಗುವ ಮೊದಲೇ ಕೈ ಹಿಡಿದುಕೊಳ್ಳಬೇಕೆಂದು ನಾನು ತೀರ್ಮಾನ ಮಾಡಿ ಮಲಗಿದೆ. ಕಣ್ಣು ತೆರೆದಾಗ ಮುಖದ ಮೇಲೆ ಬಿಸಿಲಿತ್ತು.

ಅಮ್ಮ ಆಗಲೇ ಎದ್ದು ಕೂತಿದ್ದಳು, ಸಮುದ್ರದ ಕಡೆ ಮುಖ ಮಾಡಿ. ಅವಳ ಎಡಗೈ ನನ್ನ ಎದೆಯ ಮೇಲಿತ್ತು. ಅವಳು ಕೂಗಿಲ್ಲ, ಕೂಗಿದ್ದರೆ ನನಗೆ ಎಚ್ಚರವಾಗುತ್ತಿತ್ತು. ನನ್ನ ಸಭೆ, ನನ್ನ ಏರ್ಪಾಟು ಗೆದ್ದಿತೆಂದು ಹಿಗ್ಗಿ, ಎಲೆ ಅಡಿಕೆ ಹಾಕುತ್ತಿದ್ದ ಹೊನ್ನಮ್ಮನ ಹತ್ತಿರ ಬಗ್ಗಿ ಕೇಳಿದೆ. ‘ಅಮ್ಮ ರಾತ್ರಿ ಕೂಗ್ಲಿಲ್ಲ ಅಲ್ವಾ?’

‘ಅವಳೆಲ್ಲಿ ಕೂಗ್ತಾಳೆ, ಮಲಗಿದ್ರಲ್ವಾ ಕೂಗೋದು’ ಎಂದರು ಹೊನ್ನಮ್ಮ. ‘ಕೂಗಿದ್ದು ನೀನು.’

‘ನಾನಾ?’

‘ತೆಗೀಲಿಲ್ಲಮ್ಮ, ನಾನು ಬಾಗಿಲು ತೆಗೀಲಿಲ್ಲಮ್ಮ ಅಂತ. ಆ ಕಡೆ ಮಲಗಿದ್ದೋರೆಲ್ಲ ಎದ್ದು ಕೂತ್ರು. ನಿಮ್ಮಮ್ಮ ಇಡೀ ರಾತ್ರಿ ಹಿಂಗೇ ಕೈ ಇಟ್ಕಂಡು ಕೂತವಳೆ.’

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಸಮುದ್ರದಿಂದ ಕಣ್ಣು ತೆಗೆಯಲಿಲ್ಲ.

‘ಹೊಸದೇನಲ್ಲ ಬಿಡು’ ಎಂದಳು. ‘ನಿಮ್ಮಪ್ಪ ಹೋದಾಗಿಂದ ಇದೆ. ನಾನು ಕೂಗಿದಾಗ ನೀನು ಏಳ್ತೀಯ, ನೀನು ಕೂಗಿದಾಗ ನಾನು ಏಳ್ತೀನಿ.’

‘ನನಗ್ಯಾಕೆ ಹೇಳ್ಲಿಲ್ಲ?’

‘ಹಗಲೆಲ್ಲ ಅಷ್ಟು ಧೈರ್ಯವಾಗಿ ಓಡಾಡ್ತೀಯಲ್ಲ, ಅದನ್ನ ಯಾಕೆ ಕೆಡಿಸ್ಲಿ ಅಂತ. ಪಕ್ಕದಲ್ಲಿ ಯಾರು ಮಲಗ್ತಾರೆ ಅಂತ ನಾನು ಕೇಳಿದ್ದು ಬರೀ ನನಗೋಸ್ಕರ ಅಂದ್ಕೊಂಡ್ಯಾ? ಮದುವೆಯಾಗಬೇಕಾದ ಹುಡುಗಿ. ನೀನು ಹಿಂಗೆ ಕೂಗಿದ್ರೆ ಅದನ್ನ ಕೇಳಿಸ್ಕೊಂಡು ಸುಮ್ಮನಿರೋರು ಬೇಕಿತ್ತು ನನಗೆ. ಸಿಕ್ಕಿದ್ರು, ಬಂದೆ.’

ಆ ಸಂಜೆ ಹಾಲಿನಲ್ಲಿ ಎಲ್ಲರೆದುರು ತನ್ನ ಕೂಗನ್ನು ಹೇಳಿಕೊಂಡಾಗ ಅಮ್ಮ ಕಾಪಾಡುತ್ತಿದ್ದದ್ದು ನನ್ನನ್ನು. ‘ಹಾಗಾದ್ರೆ ರಾತ್ರಿಯೆಲ್ಲ ನೀನು ನಿದ್ದೇನೇ ಮಾಡ್ಲಿಲ್ವಾ?’ ಎಂದು ಹೇಗೋ ಕೇಳಿದೆ.

‘ಸಮುದ್ರ ನೋಡ್ತಾ ಕೂತಿದ್ದೆ. ಚೆನ್ನಾಗಿತ್ತು ಕಣೇ. ಎಷ್ಟು ಚೆನ್ನಾಗಿತ್ತು ಗೊತ್ತಾ!’

ನಾನು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಹಡಗಿನ ಅಷ್ಟೂ ಜನರ ಎದುರು, ಜೋರಾಗಿ ಅತ್ತುಬಿಟ್ಟೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ, ಆಗ ಬಂದವರಿಗೆಲ್ಲ ಕುರ್ಚಿ ಹಾಕುವುದರಲ್ಲಿದ್ದೆ. ಶಾಂತಕ್ಕ ಗಾಬರಿಯಾಗಿ ಕಿವಿಯ ಹತ್ತಿ ತೆಗೆದು, ‘ಏನಾತ್ರೀ, ಏನಾತು?’ ಎಂದು ಎದ್ದು ಬಂದರು.

ಹೊನ್ನಮ್ಮ ಅವರನ್ನು ಕೈ ಹಿಡಿದು ಕೂರಿಸಿದರು. ‘ಅಳ್ಲಿ ಬಿಡಿ’ ಎಂದರು. ‘ಊರು ಬರಾಕೆ ಇನ್ನೂ ಹೊತ್ತೈತೆ.’